ಬೆಳ್ಳಗೇ ಉಳಿದ ಹತ್ತಿ

ಗಣಿ ಜೋರಾಗಿದ್ದ ವರ್ಷಗಳಲ್ಲಿ ಬಳ್ಳಾರಿಯ ಗಂಟಲು ಡಾಕ್ಟರ ಬಳಿ ಒಬ್ಬ ನರ್ಸಮ್ಮ ಇದ್ದರು. ಅದಿರು ಲಾರಿ ಓಡಿಸುವ ನಮ್ಮಂಥವರ ಬಾಯಿಗೆ ಬ್ಯಾಟರಿ ಬಿಟ್ಟು, ಹತ್ತಿಯಿಂದ ಗಂಟಲು ಒರೆಸಿ, ಕೆಂಪಾದ ಹತ್ತಿಯನ್ನು ನಮಗೇ ತೋರಿಸುತ್ತಿದ್ದರು. “ಧೂಳೈತಿ, ಮುಕ್ಕಳಿಸ್ರಿ” ಎಂದು ನೀರಿನ ಲೋಟ ಕೊಡುತ್ತಿದ್ದರು.

ನನ್ನ ಟಾನ್ಸಿಲ್ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಡಾಕ್ಟರು ಧೂಳೆಂದೇ ಬರೆದರು. ನರ್ಸಮ್ಮ ಮೂರು ಸಲ ಒರೆಸಿದರು. ಹತ್ತಿ ಬೆಳ್ಳಗೇ ಇತ್ತು. ಡಾಕ್ಟರಿಗೆ ಎದುರಾಡಿ ನನ್ನ ರಕ್ತವನ್ನು ಪರೀಕ್ಷೆಗೆ ಕಳಿಸಿದವರು ಅವರೇ.

ವರದಿ ಬಂದ ದಿನ ನನ್ನನ್ನು ಕೂರಿಸಿ ಹೇಳಿದರು: “ಜೀವಕೋಶದಾಗಿನ ಕೊಲೆಸ್ಟರಾಲ್ ಹೊರಗ ಸಾಗಸೋ ಜೀನ್ ಕೆಟ್ಟೈತ್ರಿ. ಆ ಕೊಬ್ಬೇ ಕಿತ್ತಳೆ ಬಣ್ಣಾಗಿ ಗಂಟಲಾಗ ಕುಂತೈತಿ. ಗುಂಡಿಗಿಗೂ ಅಪಾಯ ಐತಿ. ಹುಟ್ಟಿನಿಂದ ಬಂದದ್ದು, ಒಡಹುಟ್ಟಿದವರನ್ನ ಕರ್ಕೊಂಡು ಬರ್ರಿ.”

ಕೆಂಚನಗುಡ್ಡದಿಂದ ತಂಗಿಯನ್ನು ಕರೆತಂದೆ. ಭತ್ತದ ಗದ್ದೆಯ ಕೆಸರು ಬಿಟ್ಟರೆ ಅವಳು ಗಣಿಯ ಧೂಳು ಕಂಡವಳಲ್ಲ. ಬಾಯಿ ತೆರೆದಳು. ನರ್ಸಮ್ಮ ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು, ಒರೆಸಿದರು, ಮತ್ತೆ ಒರೆಸಿದರು. ಒಮ್ಮೆ ‘ಧೂಳೈತಿ’ ಅಂದುಬಿಡಲಿ ಎಂದು ನಾನು ಕಾಯುತ್ತಿದ್ದೆ.

ತನಗಿಂತ ಮುಂದಿದ್ದವರೆಲ್ಲ ಮುಕ್ಕಳಿಸಿದ್ದನ್ನು ನೋಡಿದ್ದ ತಂಗಿ ಲೋಟಕ್ಕೆ ಕೈ ಚಾಚಿದಳು. ನರ್ಸಮ್ಮ ಲೋಟ ಕೊಡಲಿಲ್ಲ. ಆ ಕೈಯನ್ನು ಹಿಡಿದುಕೊಂಡರು.