ಎದುರು ಹೋಟೆಲಿನ ಮುದ್ದೆ

ಚಿಕ್ಕಬಳ್ಳಾಪುರದಲ್ಲಿ ನನ್ನ ಮುದ್ದೆ ಹೋಟೆಲಿಗೆ ಎದುರಾಗಿಯೇ ಇಟಲಿ ಊಟದ ಹೋಟೆಲೊಂದು ಶುರುವಾಯಿತು. ನನ್ನಲ್ಲಿ ಹತ್ತು ನಿಮಿಷಕ್ಕೆ ಉಂಡು ಕೈ ತೊಳೆಯುವ ಜನ ಅಲ್ಲಿ ಗಂಟೆಗಟ್ಟಲೆ ಕೂರುವುದು ಕಂಡು ಹೊಟ್ಟೆ ಉರಿಯಿತು. ಹುಳುಕು ಹುಡುಕೋಣ ಅಂತಲೇ ಒಂದು ಮಧ್ಯಾಹ್ನ ಹೋಗಿ ಕೂತೆ.

ಅಲ್ಲಿನ ಯಜಮಾನ ತಾನೇ ತಟ್ಟೆ ತಂದಿಟ್ಟ. "ಪೊಲೆಂಟಾ ಅಂತಾರಮ್ಮ. ಇಟಲಿಯ ಉತ್ತರದ ಕಡೆ ರೈತರ ಊಟ. ಮುಸುಕಿನ ಜೋಳದ ಹಿಟ್ಟನ್ನ ಮುಕ್ಕಾಲು ಗಂಟೆ ತಿರುವಿ ಮಾಡ್ತೀವಿ."

ಮೇಲೊಂದು ಹಸಿರು ಎಲೆ ಇತ್ತು. ಅದನ್ನು ತೆಗೆದು ಪಕ್ಕಕ್ಕಿಟ್ಟೆ. ಕೈಯಲ್ಲೇ ಮುರಿದು, ಉಂಡೆ ಮಾಡಿ, ಜೊತೆಗೆ ಕೊಟ್ಟಿದ್ದ ಅಣಬೆ ಸಾರಿನಲ್ಲಿ ಅದ್ದಿ ಗುಳುಂ ಅಂತ ನುಂಗಿದೆ. ಅವನು ಗಾಬರಿಯಾಗಿ ನೀರು ಹಿಡಿದುಕೊಂಡು ಓಡಿಬಂದ.

"ಅಗಿದು ತಿನ್ಬೇಕಮ್ಮ."

"ಮುದ್ದೇನ ಯಾರಪ್ಪ ಅಗೀತಾರೆ?" ಅಂದೆ.

ಕಷ್ಟವೇನೆಂದರೆ, ಅದು ಚೆನ್ನಾಗಿತ್ತು. ಎಷ್ಟು ಹುಡುಕಿದರೂ ಒಂದು ಗಂಟು ಸಿಗಲಿಲ್ಲ. ಅದೂ ಹೋಗಲಿ, ಪಕ್ಕದ ಮೇಜಿನ ಹುಡುಗಿ ಎದ್ದು ನಿಂತು ತನ್ನ ತಟ್ಟೆಯ ಫೋಟೊ ತೆಗೆಯುತ್ತಿದ್ದಳು. ಇಪ್ಪತ್ತು ವರ್ಷದಿಂದ ಮುದ್ದೆ ಕೋಲು ಹಿಡಿದಿದ್ದೇನೆ, ನನ್ನ ಮುದ್ದೆಯ ಫೋಟೊ ಒಬ್ಬರೂ ತೆಗೆದಿಲ್ಲ.

ಮಾರನೆಯ ದಿನ ಪ್ರತಿ ಮುದ್ದೆಯ ಮೇಲೂ ಒಂದೊಂದು ಕೊತ್ತಂಬರಿ ಎಲೆ ಇಟ್ಟು ಕಳಿಸಿದೆ. ದಿನಾ ಬರುವ ಮೇಷ್ಟ್ರು ನನ್ನನ್ನು ಹತ್ತಿರ ಕರೆದರು. ಎಲೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, ಬೇರೆಯವರಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು:

"ಕಸ ಬಿದ್ದಿದೆ ಕಣಮ್ಮ, ನೋಡ್ಕೊಂಡು ಬಡಿಸು."