ಮೂಲೆ ಮಳಿಗೆಯ ಸಿಂಗಲ್ ಫೇಸು

ತಪ್ಪು ನನ್ನದೇ. ಇದನ್ನು ನನ್ನ ಸ್ವಂತ ದನಿಯಲ್ಲೇ ಹೇಳುತ್ತಿದ್ದೇನೆ. ಮಿಮಿಕ್ರಿ ಮಾಡುವ ನಾನು ಸಾಮಾನ್ಯವಾಗಿ ಬೇರೆಯವರ ದನಿಯಲ್ಲಿ ತಪ್ಪೊಪ್ಪಿಕೊಳ್ಳುವವನು. ತುಮಕೂರಿನ ಯಂತ್ರಮೇಳದಲ್ಲಿ ಮಾವನಿಗೆ ಮಳಿಗೆ ಆರಿಸಿದವನು ನಾನು.

ನನ್ನ ಸೋದರಮಾವ ಗುಬ್ಬಿಯ ಶೆಡ್ಡಿನಲ್ಲಿ ವರ್ಷಗಟ್ಟಲೆ ಒದ್ದಾಡಿ ತೆಂಗಿನಕಾಯಿ ಸುಲಿಯುವ ಯಂತ್ರವೊಂದನ್ನು ಮಾಡಿದ್ದ. ನೋಡಿದವರೆಲ್ಲ ಹೊಗಳಿದರು, ಕೊಂಡವರಿಲ್ಲ. ಕುಣಿಗಲ್ಲಿನವರೊಬ್ಬರು ಅವನ ಕಬ್ಬಿಣ ಕಡೆಯುವ ಲೇತ್ ಮೇಲೆ ಕಣ್ಣಿಟ್ಟಿದ್ದರು. ಮೇಳದಲ್ಲಿ ಒಂದಾದರೂ ಆರ್ಡರ್ ಬರದಿದ್ದರೆ ಲೇತ್ ಅವರಿಗೆ, ಶೆಡ್ಡಿಗೆ ಬೀಗ.

“ಅದು ಓಡ್ಬೇಕು ಕಣ್ಲಾ. ಓಡೋ ಜಾಗ ನೋಡು,” ಎಂದಿದ್ದ ಮಾವ, ಮೂಗನ್ನು ಸೊರ್ರೆಂದು ಎಳೆದುಕೊಂಡು.

ಮೇಳದ ಕಚೇರಿಯಲ್ಲಿ ಆ ಮಾತನ್ನು ಸೊರ್ರೆನ್ನುವುದರ ಸಮೇತ ಒಪ್ಪಿಸಿದೆ. ಗುಮಾಸ್ತ ಬಿದ್ದು ಬಿದ್ದು ನಕ್ಕ. ನಗುತ್ತಲೇ ನಕ್ಷೆ ಬಿಡಿಸಿದ. ಹಿಂದುಗಡೆ ಜನರೇಟರ್ ಪಕ್ಕ ಸಿಮೆಂಟು ನೆಲದ ಮಳಿಗೆ, ತ್ರೀ ಫೇಸು. ಬಾಗಿಲಲ್ಲೇ ಎರಡು ಕಡೆ ತೆರೆದ ಮೂಲೆ ಮಳಿಗೆ, ಕೆಂಪು ಕಾರ್ಪೆಟ್ಟು, ಸ್ಪಾಟ್‌ಲೈಟು, ಸಿಂಗಲ್ ಫೇಸು.

ನಮ್ಮ ಕಡೆ ತ್ರೀ ಫೇಸ್ ಎಂದರೆ ಪಂಪ್‌ಸೆಟ್ಟಿಗಾಗಿ ದಿನಕ್ಕೆ ಕೆಲವು ಗಂಟೆ ಬಂದು ಹೋಗುವ ಕರೆಂಟು; ಮನೆಯ ಸಿಂಗಲ್ ಫೇಸ್ ಹೇಗೋ ಉಳಿದಿರುತ್ತದೆ. ಹೋಗಿಬಿಡುವ ಕರೆಂಟು ಯಾವನಿಗೆ ಬೇಕು ಎಂದು ಸಿಂಗಲ್ಲಿಗೆ ಗುರುತು ಹಾಕಿದೆ. ಕಾರ್ಪೆಟ್ಟಿನ ಮೇಲೆ ಮೈಕು ಹಿಡಿದು ನಿಂತ ನಾನೂ ಕಣ್ಣ ಮುಂದೆ ಬಂದಿದ್ದೆ, ಸುಳ್ಳೇಕೆ. ಆ ಯಂತ್ರದ ಸದ್ದು ನನಗೆ ಬಾಯಿಪಾಠ. ಅದರ ಮೋಟರಿಗೆ ಏನು ಬೇಕೆಂದು ಮಾತ್ರ ಒಮ್ಮೆಯೂ ವಿಚಾರಿಸಿರಲಿಲ್ಲ.

ಮೇಳದ ದಿನ ಮಾವ ಮಳಿಗೆಯ ಸ್ವಿಚ್ ಬೋರ್ಡನ್ನೇ ನೋಡುತ್ತ ನಿಂತ. ಅವನ ಮೋಟರು ಓಡುವುದು ತ್ರೀ ಫೇಸಿನಲ್ಲಿ ಮಾತ್ರ. ಎಲೆಕ್ಟ್ರಿಷಿಯನ್ ಬಂದು, “ಇಲ್ಲಿಗೆ ತ್ರೀ ಫೇಸ್ ಎಳೆಯೋಕಾಗಲ್ಲ ಸಾರ್, ಅರ್ಜೀಲಿ ನೀವೇ ಬರ್ದಿದೀರಲ್ಲ,” ಎಂದ. ಹಿಂದಿನ ಮಳಿಗೆ ಹಿಟ್ಟಿನ ಗಿರಣಿಯವನ ಪಾಲಾಗಿತ್ತು. ಮಳಿಗೆ ಬದಲಾಯಿಸಿಕೊಳ್ಳಿ ಎಂದು ಮಾವ ಅವನಿಗೆ ಕೈಮುಗಿದ.

“ಬುಡಿ ಸ್ವಾಮಿ, ನಂದೂ ಓಡ್ಬೇಕಲ್ಲ,” ಎಂದ ಗಿರಣಿಯವನು.

ಮಧ್ಯಾಹ್ನ ಕುಣಿಗಲ್ಲಿನಿಂದ ಫೋನು. “ಸಂಜೆ ಹೇಳ್ತೀನಿ,” ಎಂದ ಮಾವ. ಆಮೇಲೆ ಟವೆಲಿನಿಂದ ಯಂತ್ರದ ಬ್ಲೇಡುಗಳನ್ನು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಕಲಿತುಕೊಳ್ಳುತ್ತಿದ್ದೆ.

ತಡೆಯಲಾಗದೆ ಮೈಕು ಹಿಡಿದೆ. ಗೊರ್‍ರ್ ಎಂದು ಮೋಟರಾದೆ, ಚರಕ್ ಎಂದು ನಾರು ಬಿಡಿಸಿದೆ, ಟಣ್ ಎಂದು ಕಾಯಿ ಬೀಳಿಸಿದೆ. ಜನ ಮುತ್ತಿಕೊಂಡರು. ಮಾವ ಕಾಯಿ ಮೂಟೆಯ ಮೇಲೆ ಆ ಕಡೆ ಮುಖ ಮಾಡಿ ಕೂತ.

ಆಗ ಗುಂಪು ಸರಿಸಿಕೊಂಡು ಒಬ್ಬ ಹೆಂಗಸು ಬಂದರು, ಹಾಗಲವಾಡಿಯವರು. ಪರೀಕ್ಷೆಗೆಂದು ತಮ್ಮ ತೋಟದ ಕಾಯಿಗಳನ್ನೇ ಚೀಲದಲ್ಲಿ ತಂದಿದ್ದರು. ಬ್ಲೇಡು ಮುಟ್ಟಿ ನೋಡಿದರು. ಸಣ್ಣ ಕಾಯಿ ಹಿಡಿಯುತ್ತದೋ ಎಂದು ಮಾವನನ್ನು ಕೇಳಿದರು.

“ಎರಡು ಕಾಯಿ ಸುಲಿದು ತೋರ್ಸಿ. ಇವತ್ತೇ ಆರ್ಡರ್ ಬರ್ಸಿ ಹೋಗ್ತೀನಿ.”

ಮಾವ ನನ್ನ ಕಡೆ ನೋಡಿದ. ನನಗೆ ಬರುತ್ತಿದ್ದದ್ದು ಒಂದೇ. ಇನ್ನೂ ಜೋರಾಗಿ ಗೊರ್‍ರ್ ಎಂದೆ. ಚಪ್ಪಾಳೆ ಬಿತ್ತು. ಆಕೆಯೂ ಕೊನೆಯ ಟಣ್ ತನಕ ನಗುತ್ತಲೇ ಕೇಳಿದರು.

ಲೇತ್ ಕುಣಿಗಲ್ಲಿಗೆ ಹೊರಟದ್ದು ಸೋಮವಾರ. ಆದರೆ ಅದು ತೀರ್ಮಾನವಾದದ್ದು ಅಲ್ಲೇ, ಆಕೆ ಚೀಲದಿಂದ ಒಂದು ಕಾಯಿ ತೆಗೆದು ನನ್ನ ಕೈಯಲ್ಲಿಟ್ಟಾಗ:

“ಸದ್ದು ಬಲು ಚೆನ್ನಾಗೈತೆ ಕಣಪ್ಪ. ಎಲ್ಲಿ, ಈಗ ನೀನೇ ಸುಲಿ.”