ಪಿಳ್ಳಮ್ಮನ ಎಡಗೈ

ಮೊದಲು ಸರಕು ನೋಡಿಬಿಡೋಣ. ಸಮೇತನಹಳ್ಳಿಯ ಪಿಳ್ಳಮ್ಮ. ವಯಸ್ಸು ಅರವತ್ತು ದಾಟಿದ್ದು ಖಚಿತ. ಎಷ್ಟು ದಾಟಿದೆ ಎಂಬುದರಲ್ಲಿ ಆಕೆಗೂ ಆಕೆಯ ಆಧಾರ್ ಕಾರ್ಡಿಗೂ ಒಮ್ಮತವಿಲ್ಲ. ಎತ್ತರ ಕಡಿಮೆ, ತೂಕ ಸಾಧಾರಣ, ದನಿ ಮಾತ್ರ ಎರಡು ಹೊಲದಾಚೆಗೂ ಸೋರಿಕೆಯಿಲ್ಲದೆ ಮುಟ್ಟುವಂಥದ್ದು. ಓದು ಬರುವುದಿಲ್ಲ. ಬೀಜದ ಪೊಟ್ಟಣ ಕೈಗೆ ಕೊಟ್ಟರೆ ಅದರ ಮೇಲಿನ ತಾರೀಖು ಬಿಟ್ಟು ಅಂಗಡಿಯವನ ಮುಖ ನೋಡುತ್ತಾಳೆ, ಮಾಲು ಹಳೆಯದೋ ಹೊಸದೋ ಹೇಳಿಬಿಡುತ್ತಾಳೆ. ಹೊಸಕೋಟೆಯಲ್ಲಿ ಬೀಜದಂಗಡಿ ಇಟ್ಟುಕೊಂಡಿರುವ ನನ್ನಂಥವನಿಗೆ ಇಂಥ ಗಿರಾಕಿ ಮೆಟ್ಟಿಲು ಹತ್ತುವುದು ಕಂಡರೆ ಮುಖವನ್ನು ಗೋಡೆ ಕಡೆ ತಿರುಗಿಸಿಕೊಳ್ಳುವುದೇ ಕ್ಷೇಮ.

ಆಕೆಯ ನಿಜವಾದ ಆಸ್ತಿ ಬಲಗೈ. ಊರಿನಲ್ಲಿ ಯಾರೇ ಬಿತ್ತನೆಗೆ ಇಳಿಯಲಿ, ಮೊದಲ ಬೀಜ ಪಿಳ್ಳಮ್ಮನ ಬಲಗೈಯಿಂದ ಬೀಳಬೇಕು. ಆ ಕೈಗೆ ಅಂಥ ಗುಣ, ಮುಟ್ಟಿದ್ದೆಲ್ಲ ಹುಟ್ಟುತ್ತದೆ ಎಂದು ಊರಿನ ನಂಬಿಕೆ. ಆಕೆ ಬಂದು, ಅರಿಶಿನ ಕುಂಕುಮ ತೆಗೆದುಕೊಂಡು, ಗೆರೆ ವಕ್ರವಾಗಿದೆ ಎಂದು ಹೊಲದ ಯಜಮಾನನನ್ನು ಬೈದು, ಹಿಡಿ ಬೀಜ ಉದುರಿಸಿ, ಕಾಫಿ ಕುಡಿದು ಹೋಗುತ್ತಿದ್ದಳು. ಬೆಳೆ ಬಂದರೆ ಪಿಳ್ಳಮ್ಮನ ಕೈಗುಣ. ಬಾರದಿದ್ದರೆ ಶೆಟ್ಟರ ಬೀಜ, ಅಂದರೆ ನನ್ನದು, ಸರಿಯಿಲ್ಲ. ಹೀಗೆ ಲಾಭವೆಲ್ಲ ಒಬ್ಬರಿಗೆ, ನಷ್ಟವೆಲ್ಲ ಇನ್ನೊಬ್ಬರಿಗೆ ಎಂಬ ಪಾಲುದಾರಿಕೆ ಬಹಳ ವರ್ಷ ಜಗಳವಿಲ್ಲದೆ ನಡೆಯಿತು.

ಜಗಳವಿದ್ದದ್ದು ಮನೆಯೊಳಗೆ. ಪಿಳ್ಳಮ್ಮನ ವಾರಗಿತ್ತಿ ದ್ಯಾವಮ್ಮ ಹುಟ್ಟಾ ಎಡಚಿ. ಉಣ್ಣುವುದೊಂದು ಬಿಟ್ಟರೆ ಉಳಿದ ಎಲ್ಲ ಕೆಲಸಕ್ಕೂ ಅವಳ ಎಡಗೈಯೇ ಮುಂದೆ ಬರುತ್ತಿತ್ತು. ಮದುವೆಯಾಗಿ ಬಂದ ವರ್ಷ ಬೀಜದ ಬುಟ್ಟಿಗೆ ಕೈ ಹಾಕಿದ್ದೇ ತಡ, ಪಿಳ್ಳಮ್ಮ ಅವಳ ರಟ್ಟೆ ಹಿಡಿದು ಬದುವಿನ ಮೇಲೆ ಕೂರಿಸಿದ್ದಳು. "ಎಡಗೈಲಿ ಬಿತ್ತಿದ್ರೆ ಭೂಮ್ತಾಯಿ ಬೀಜ ಉಗೀತಾಳೆ ಕಣೆ. ಕೂತ್ಕೊ ಅಲ್ಲಿ." ಅಂದಿನಿಂದ ಬಿತ್ತನೆಯ ದಿನ ಬಂತೆಂದರೆ ದ್ಯಾವಮ್ಮನ ಜಾಗ ಬದು. ಕಳೆ ಕೀಳುವುದಕ್ಕೆ, ಗೊಬ್ಬರ ಎರಚುವುದಕ್ಕೆ, ಕುಯ್ಲಿಗೆ ಮಾತ್ರ ಆ ಎಡಗೈ ನಡೆಯುತ್ತಿತ್ತು. ಮೈಮುರಿಯುವ ಕೆಲಸ ಬಂದಾಗ ಭೂಮಿತಾಯಿ ಎಡಬಲ ನೋಡುತ್ತಿರಲಿಲ್ಲ. ಜಮೀನು ಭಾಗವಾಗಿ ಎರಡು ಒಲೆ ಆದಮೇಲೂ ದ್ಯಾವಮ್ಮನ ಪಾಲಿನ ಹೊಲಕ್ಕೆ ಮೊದಲ ಬೀಜ ಹಾಕುವವಳು ಅಕ್ಕನೇ. ನೋಡುತ್ತಾ ಕೂರುವವಳು ದ್ಯಾವಮ್ಮ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಪಿಳ್ಳಮ್ಮನಿಗೆ ಲಕ್ವ ಹೊಡೆಯಿತು. ಬಲಗಾಲು ಅರ್ಧ ಹೋಯಿತು, ಬಲಗೈ ಪೂರ್ತಿ ಹೋಯಿತು. ಕಾಯಿಲೆ ನಾಲಿಗೆಯ ಹತ್ತಿರವೂ ಬಂದಿತ್ತಂತೆ. ಒಮ್ಮೆ ಇಣುಕಿ ನೋಡಿ, ಇದು ತನ್ನಿಂದಾಗುವ ಕೆಲಸವಲ್ಲವೆಂದು ಹಿಂದಿರುಗಿತು.

ಊರವರು ಬಂದರು. ಬಿಸ್ಕತ್ತು ತಂದರು, ಕಾಫಿ ಕುಡಿದರು, "ಹುಷಾರಮ್ಮ" ಅಂದರು. ಹೋಗುವಾಗ ಯಾರೂ ಬಿತ್ತನೆಯ ಮಾತು ಎತ್ತಲಿಲ್ಲ. ಒಂದು ಬೆಳಿಗ್ಗೆ ಪಿಳ್ಳಮ್ಮ ಜಗಲಿಯ ಮೇಲೆ ಕೂತಿದ್ದಾಗ ಪಕ್ಕದ ಹೊಲದ ನಂದೀಶ ಬೇರೆ ಊರಿನ ಹೆಂಗಸೊಬ್ಬಳನ್ನು ಆಟೋದಲ್ಲಿ ಕರೆದುಕೊಂಡು ಅದೇ ಬೀದಿಯಲ್ಲಿ ಹೋದ. ಅವಳ ಮಡಿಲಲ್ಲಿ ಟೊಮೇಟೊ ಬೀಜದ ಮೊರ. ನಂದೀಶ ಮನೆಯ ಮುಂದೆ ಬರುವಾಗ ಫೋನು ಕಿವಿಗಿಟ್ಟುಕೊಂಡ. ಫೋನಿನ ಆಚೆ ಯಾರೂ ಇಲ್ಲ ಎಂದು ಪಿಳ್ಳಮ್ಮನಿಗೆ ಅವನ ಮುಖದಲ್ಲೇ ಗೊತ್ತಾಯಿತು.

ಅಂದು ರಾಗಿ ಮುದ್ದೆ ಮುಟ್ಟಲಿಲ್ಲ. ಮಗ ಕಾಂತರಾಜು ಪಿಲ್ಲಗುಂಪೆಯ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ಬಂದಾಗ ಹೇಳಿದಳು: "ಅವರೆ ಬಿತ್ತೋ ಮಳೆಗೆ ಮೊದ್ಲು ಈ ಕೈ ಏಳ್ಬೇಕು ಕಣ್ಲಾ. ಇಲ್ದಿದ್ರೆ ನಾನೂ ಬದುವಿನ್ ಮ್ಯಾಲೇ."

ಹೊಸಕೋಟೆಯ ಅಂಚಿನಲ್ಲಿ ಅಂಗವಿಕಲರಿಗೆಂದು ಒಂದು ಆರೈಕೆ ಕೇಂದ್ರವಿತ್ತು. ಯಾವುದೋ ಕಂಪನಿ ಅದರ ಹಿತ್ತಲಲ್ಲಿ ಚಿಕಿತ್ಸಾ ತೋಟ ಮಾಡಿಸಿಕೊಟ್ಟಿತ್ತು. ಸೊಂಟದೆತ್ತರದ ಮೇಜು, ಮೇಜಿನ ಮೇಲೆ ಮರದ ತೊಟ್ಟಿ, ತೊಟ್ಟಿಯ ತುಂಬ ಮಣ್ಣು. ಬಗ್ಗಲಾರದವರು ನಿಂತು, ನಿಲ್ಲಲಾರದವರು ಗಾಲಿಕುರ್ಚಿಯನ್ನು ಮೇಜಿನ ಕೆಳಗೆ ನುಗ್ಗಿಸಿ ಗಿಡ ನೋಡಿಕೊಳ್ಳಬಹುದು. ಮಣ್ಣಲ್ಲಿ ಕೈಯಾಡಿದರೆ ಬೆರಳು ಏಳುತ್ತವೆ, ಮನಸ್ಸೂ ಏಳುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕಂಪನಿಯವರು ಫೋಟೋ ತೆಗೆಸಿಕೊಳ್ಳಲು ಬರುವ ಹಿಂದಿನ ದಿನ ನರ್ಸರಿಯಿಂದ ಬಣ್ಣಬಣ್ಣದ ಕ್ರೋಟನ್ ತಂದು ಎಲ್ಲ ತೊಟ್ಟಿಗೂ ಸಿಕ್ಕಿಸಿ ಹೋಗಿದ್ದರು. ಗಿಡಕ್ಕಿಂತ ಎತ್ತರವಾಗಿ ಕಂಪನಿಯ ಹೆಸರಿನ ಫಲಕ.

ಕಾಂತರಾಜು ತಾಯಿಯನ್ನು ಅಲ್ಲಿಗೆ ಕರೆದೊಯ್ದಾಗ ವ್ಯಾಯಾಮ ಮಾಡಿಸುವ ಹುಡುಗಿ ಪ್ರಮೋದಾ ನಗುತ್ತಾ ಎದುರು ಬಂದಳು. "ಅಜ್ಜಿ, ಇದು ನಿಮಗೋಸ್ಕರಾನೇ ಮಾಡಿರೋ ಗಾರ್ಡನ್. ಬಗ್ಗೋದೇ ಬೇಡ."

"ಅಜ್ಜಿ ಅಂತ ನಿಮ್ಮಜ್ಜೀನ ಕರ್ಕೊ ತಾಯಿ. ಅಲ್ಲಾ, ಮಣ್ಣನ್ನ ಮೇಜಿನ ಮ್ಯಾಲೆ ಬಡ್ಸಿದೀರಲ್ಲ, ಉಪ್ಪಿನಕಾಯಿ ಎಲ್ಲಿ?" ಪಿಳ್ಳಮ್ಮ ನಾಲ್ಕು ಕಾಲಿನ ಕೋಲು ಊರಿಕೊಂಡು ತೊಟ್ಟಿಯ ಹತ್ತಿರ ಹೋದಳು. "ಇದ್ಯಾವ್ ಗಿಡ? ತಿಂತಾರಾ?"

"ಇಲ್ಲಮ್ಮ, ನೋಡೋಕೆ."

"ದನ ತಿನ್ನುತ್ತಾ?"

"ಇಲ್ಲ."

"ಹಂಗಾದ್ರೆ ಕಳೆ."

ಕಳೆ ಕೀಳುವುದಕ್ಕೆ ಎಡಗೈ ನಡೆಯುತ್ತದಲ್ಲ. ಪ್ರಮೋದಾ ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ತೊಟ್ಟಿ ಪೂರ್ತಿ ಬೋಳಾಗಿತ್ತು. ಹುಡುಗಿ ಪಿಳ್ಳಮ್ಮನ ಎಡಗೈ ಹಿಡಿದು ನೋಡಿ, "ಹಿಡಿತ ಮಾತ್ರ ಸೂಪರ್ ಆಗಿದೆಯಮ್ಮ" ಅಂದಳು. ಹುಡುಗಿಗೆ ಬುದ್ಧಿಯಿತ್ತು. ಮರುದಿನವೇ ನನ್ನ ಅಂಗಡಿಗೆ ಬಂದು ಕೊತ್ತಂಬರಿ, ದಂಟಿನ ಬೀಜ ಕೊಂಡಳು.

ಇಲ್ಲಿಂದ ಪಿಳ್ಳಮ್ಮನ ಹಟ ಶುರುವಾಯಿತು. ಎರಡೂ ಕೈ ಸೇರಿಸಿ ಬಿತ್ತಿ, ಎಡಗೈ ಹೇಗೂ ಚೆನ್ನಾಗಿದೆ, ಅದರಲ್ಲೂ ಹಾಕಿ ಎಂದು ಪ್ರಮೋದಾ ಎಷ್ಟು ಹೇಳಿದರೂ ಕೇಳಲಿಲ್ಲ. ಬೀಜ ಬಲಗೈಯಿಂದಲೇ ಬೀಳಬೇಕು. ಹಟ್ಟಿಯ ಕೋಳಿಯನ್ನು ಕತ್ತು ಹಿಡಿದು ತರುವಂತೆ ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದು ತರುವಳು, ಮಡಚಿಕೊಂಡ ಬೆರಳ ಸಂದಿಗೆ ಬೀಜ ತುರುಕುವಳು, ಮಣ್ಣಿನ ಮೇಲೆ ಕೊಡವುವಳು. ಎಲ್ಲ ಒಂದೇ ಕಡೆ ಸುರಿಯುವುದು. ಕೊತ್ತಂಬರಿ ಹುಟ್ಟಿದ್ದು ತೊಟ್ಟಿಯ ನಡುವೆ ಒಂದೇ ಗುಪ್ಪೆಯಾಗಿ.

ತೆಂಗಿನಮರದಿಂದ ಬಿದ್ದು ಗಾಲಿಕುರ್ಚಿ ಹಿಡಿದಿದ್ದ ಮುನಿವೆಂಕಟಪ್ಪ ಪಕ್ಕದ ತೊಟ್ಟಿಯಿಂದ ಕತ್ತು ಚಾಚಿದ. "ಏನಮ್ಮೋ, ಕೊತ್ತಂಬ್ರಿ ಬಿತ್ತಿದ್ಯೋ, ಜುಟ್ಟು ಕಟ್ಟಿದ್ಯೋ?"

"ಮರ ಹತ್ತೋಕ್ ಬಂದು ಇಳಿಯೋಕ್ ಬರ್ದೇ ಇರೋನು ನನ್ ಬಿತ್ತನೆ ಮಾತಾಡ್ಬೇಡ."

ಬಾಯಿ ಗೆದ್ದಿತು, ಕೈ ಸೋತಿತು. ಮುಂಗಾರು ಹತ್ತಿರ ಬರುತ್ತಿತ್ತು. ಬೆರಳು ಕೊಂಚ ಬಿಚ್ಚಿಕೊಂಡವೇ ಹೊರತು ಒಂದು ಕಾಳನ್ನು ಹಿಡಿದು ಬಿಡುವಷ್ಟಲ್ಲ. ಎರಡು ಸಲ ಮಳೆ ಹನಿದ ದಿನ ಪಿಳ್ಳಮ್ಮ ಕೇಂದ್ರದಲ್ಲಿ ಯಾರನ್ನೂ ಬೈಯಲಿಲ್ಲ. ಪ್ರಮೋದಾ ಹೆದರಿ ಬಿ.ಪಿ. ನೋಡಿದಳು.

ಆ ವಾರ ಕಾಂತರಾಜುವಿಗೆ ಹಗಲು ಶಿಫ್ಟು. ಊಟದ ಡಬ್ಬಿ ತಂದವಳು ದ್ಯಾವಮ್ಮ. ಅಕ್ಕ ತನ್ನ ಸತ್ತ ಕೈಯನ್ನು ಎಳೆದಾಡುವುದನ್ನು ಬಾಗಿಲಲ್ಲೇ ನಿಂತು ಬೇಕಾದಷ್ಟು ನೋಡಿದಳು. ಅಷ್ಟು ವರ್ಷ ಬದುವಿನ ಮೇಲೆ ಕೂತವಳಿಗೆ ಆ ನೋಟ ರುಚಿಸಲಿಲ್ಲ ಎಂದು ನಾನಂತೂ ಬರೆಯಲಾರೆ.

"ಅಕ್ಕ, ಆ ಕೈ ನಿದ್ದೆ ಮಾಡ್ತೈತೆ. ಎಬ್ಬಿಸ್ಬೇಡ, ಬೈಕೊಳ್ಳುತ್ತೆ."

"ಮುದ್ದೆ ಅಲ್ಲಿಟ್ಟು ಹೋಗೆ."

ದ್ಯಾವಮ್ಮ ಹೋಗಲಿಲ್ಲ. ಮೇಜಿನ ಆಚೆ ಬದಿಗೆ ಕುರ್ಚಿ ಎಳೆದುಕೊಂಡು ಕೂತಳು. ದಂಟಿನ ಬೀಜವನ್ನು ಎಡ ಅಂಗೈಗೆ ಸುರಿದುಕೊಂಡು, ಹೆಬ್ಬೆರಳಿಂದ ಉರುಳಿಸುತ್ತಾ, ತೊಟ್ಟಿಯ ಈ ತುದಿಯಿಂದ ಆ ತುದಿಗೆ ಎಳೆ ಎಳೆಯಾಗಿ ಬಿಟ್ಟಳು. "ನಿನ್ ಕಣ್ಮುಂದೇನೇ ಬಿತ್ತಿದೀನಿ. ರಟ್ಟೆ ಹಿಡ್ಕೊ ಬಾ ನೋಡೋಣ."

ಪಿಳ್ಳಮ್ಮ ಎದ್ದು ಹೋಗಿ ರಟ್ಟೆ ಹಿಡಿಯಲಾರಳು. ಅದು ಇಬ್ಬರಿಗೂ ಗೊತ್ತಿತ್ತು.

"ಹೆಬ್ಬೆರಳು ಹಂಗ್ಯಾಕೆ ಉಜ್ತೀಯ?" ಕೊನೆಗೆ ಪಿಳ್ಳಮ್ಮ ಕೇಳಿದಳು.

"ಉಜ್ಜೋದಲ್ಲ, ಉರುಳ್ಸೋದು. ಎಡಗೈಗೆ ಬ್ಯಾರೆ ದಾರಿ. ಇಟ್ಕೊ ಕೈಲಿ."

"ನಾನ್ ಬಿತ್ತಲ್ಲ."

"ಬಿತ್ಬೇಡ. ಸುಮ್ನೆ ಇಟ್ಕೊ."

"ಸುಮ್ನೆ ಇಟ್ಕೊಂಡಿದೀನಿ ಅಷ್ಟೇ. ಬಿದ್ರೆ ನಂಗೊತ್ತಿಲ್ಲ."

ಬೀಜ ತಾನಾಗಿಯೇ ಬೀಳತೊಡಗಿತು. ಆ ವಾರವೆಲ್ಲ ಬೀಳುತ್ತಲೇ ಇತ್ತು. ದ್ಯಾವಮ್ಮ ಮಧ್ಯೆ ಮಧ್ಯೆ, "ಮಂದ ಆಯ್ತು, ಮಂದ ಆಯ್ತು, ಹಂದಿಗ್ ಹಾಕ್ತಿದೀಯಾ?" ಎಂದು ಅಕ್ಕನನ್ನು ಗದರುವಳು. ಬೈಗುಳದ ಈ ಸುಖ ತನಗೆ ಇಷ್ಟು ತಡವಾಗಿ ಸಿಕ್ಕಿತಲ್ಲ ಎಂಬ ಮುಖ. ದಂಟು ಹುಟ್ಟಿತು. ಬಾಚಣಿಗೆಯಲ್ಲಿ ಬಾಚಿದಂತೆ ಸಾಲಾಗಿ ಹುಟ್ಟಿತು.

"ನೋಡಿದ್ರಾ ಅಮ್ಮ!" ಎಂದು ಪ್ರಮೋದಾ ಕುಣಿದಳು.

"ಇದು ಲೆಕ್ಕಕ್ಕಿಲ್ಲ," ಅಂದಳು ಪಿಳ್ಳಮ್ಮ. "ಮೇಜಿನ ಮ್ಯಾಲೈತೆ. ಇಷ್ಟ್ ಎತ್ರದಲ್ಲಿ ಯಾರು ಯಾವ್ ಕೈಲಿ ಹಾಕುದ್ರು ಅಂತ ಭೂಮ್ತಾಯಿಗೆ ಹೆಂಗ್ ಕಾಣ್ಬೇಕು?"

ಭೂಮಿತಾಯಿಗೆ ಕಾಣುವ ದಿನವೂ ಬಂತು. ಆಷಾಢದ ಮಳೆ ನೆಲ ಹದ ಮಾಡಿದ ಮೇಲೆ ದ್ಯಾವಮ್ಮ ತನ್ನ ಹೊಲಕ್ಕೆ ಅವರೆ ಹಾಕಲು ಸಿದ್ಧವಾದಳು. ಊರವರೆಲ್ಲ ಕೇಳುವಂತೆ ಹೇಳಿದಳು, ಮೊದಲ ಕಾಳು ಅಕ್ಕನದೇ, ಬೇರೆ ಊರಿನ ಆಟೋ ನಂಗ್ ಬ್ಯಾಡ. ಪ್ರೀತಿಗೆ ಕರೆದಳೋ ಸೇಡಿಗೆ ಕರೆದಳೋ ಎಂದು ಊರು ಎರಡು ಪಂಗಡವಾಯಿತು. ಪಿಳ್ಳಮ್ಮ ಎರಡನೆಯ ಪಂಗಡ. ಆದರೂ ಹೊಸ ಸೀರೆ ಉಟ್ಟಳು.

ಬದುವಿನ ಪಕ್ಕ ಬಿಳಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಬಗ್ಗಲಾರದವಳು ಗುಳಿಗೆ ಕಾಳು ಹಾಕುವುದು ಹೇಗೆ? ಪ್ರಮೋದಾ ಹೇಳಿಕೊಟ್ಟಂತೆ ಕಾಂತರಾಜು ನೀರಿನ ಪೈಪೊಂದನ್ನು ಸೊಂಟದೆತ್ತರಕ್ಕೆ ಕೊಯ್ದು ತಂದಿದ್ದ. ಮೇಲೆ ಕಾಳು ಬಿಟ್ಟರೆ ಕೆಳಗೆ ಗುಳಿಗೆ ಬೀಳುತ್ತದೆ. ನೋಡಲು ಬಂದಿದ್ದ ನಂದೀಶ ನಕ್ಕ. "ಅಲ್ಲ ಗುರು, ಕೈಗುಣ ಪೈಪ್ ಒಳಗಿಂದ ಪಾಸ್ ಆಗುತ್ತಾ?"

"ನಿನ್ ಟೊಮೇಟೊಗೆ ಯಾವ್ ಪೈಪ್ ಬಿಟ್ಟಿದ್ದೆ ಕಣ್ಲಾ? ಹೂವೇ ಬರ್ಲಿಲ್ವಂತೆ," ಎಂದಳು ದ್ಯಾವಮ್ಮ. ನಂದೀಶ ಮತ್ತೆ ಫೋನು ಕಿವಿಗಿಟ್ಟುಕೊಂಡ.

ಪಿಳ್ಳಮ್ಮ ಕೂತಳು. ದ್ಯಾವಮ್ಮ ಪೈಪು ಹಿಡಿದು, ಅವರೆಕಾಳನ್ನು ಅಕ್ಕನ ಎಡ ಅಂಗೈಗೆ ಸುರಿದಳು. ಕಾಳು ಅಂಗೈಯಲ್ಲೇ ಉಳಿಯಿತು. ಪಿಳ್ಳಮ್ಮ ಕಾಲ ಕೆಳಗಿನ ಬದುವನ್ನು ನೋಡುತ್ತಿದ್ದಳು.

"ಹುಟ್ದೆ ಹೋದ್ರೆ?" ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ಕೇಳಿದಳು. ಆಕೆಯ ಬಾಯಿಂದ ಮೆಲ್ಲಗೆ ಬಂದ ಮಾತು ಅದೊಂದೇ ಇರಬೇಕು.

"ಹುಟ್ದೆ ಹೋದ್ರೆ ಶೆಟ್ರ ಬೀಜ ಸರಿಯಿಲ್ಲ ಅನ್ನೋಣ. ಅವ್ರು ಇರೋದೇ ಅದಕ್ಕೆ."

ಪಿಳ್ಳಮ್ಮನಿಗೆ ನಗು ಬಂತು. ಅಂಗೈಯನ್ನು ವಾರಗಿತ್ತಿಯ ಕಡೆ ಚಾಚಿದಳು. "ತಗೊ. ನನ್ ಎಡಗೈ ಇನ್ನೂ ಹೊಸದು, ನಿಂದು ಹಳೇದು. ನೀನ್ ಮೊದ್ಲು ಹಾಕು."

ದ್ಯಾವಮ್ಮ ಪೈಪನ್ನು ಕಾಂತರಾಜುವಿನ ಕೈಗೆ ಕೊಟ್ಟು, ಎಡಗೈಯಲ್ಲಿ ಎರಡು ಕಾಳು ತೆಗೆದುಕೊಂಡು ಅದರೊಳಗೆ ಬಿಟ್ಟಳು. ಆಮೇಲೆ ಪಿಳ್ಳಮ್ಮ ಹೆಬ್ಬೆರಳಿಂದ ಉರುಳಿಸಿ ಬಿಟ್ಟಳು. ಅವಳ ಕಾಳು ಮೂರು ಬಿದ್ದವು. "ಮಂದ ಆಯ್ತು," ಎಂದಳು ದ್ಯಾವಮ್ಮ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ.

ಅವರೆ ಹುಟ್ಟಿತು. ಶೆಟ್ಟರ ಬೀಜ ಚೆನ್ನಾಗಿತ್ತು ಎಂದು ಒಬ್ಬರೂ ಹೇಳಲಿಲ್ಲ. ಎಡಗೈಯಲ್ಲಿ ಹಾಕಿದ ಅವರೆಗೆ ಸೊಗಡು ಜಾಸ್ತಿ ಎಂದು ಊರಲ್ಲಿ ಹೊಸ ವಿದ್ಯೆ ಹುಟ್ಟಿಕೊಂಡಿತು. ಎರಡು ಕೈಯೂ ನೆಟ್ಟಗಿದ್ದವರು ಎಡಗೈಯಲ್ಲಿ ಬಿತ್ತಲು ಹೋಗಿ ಸಾಲು ಕೆಡಿಸಿಕೊಂಡರು. ನಂದೀಶ ಬೀನ್ಸ್ ಹಾಕುವ ಮೊದಲು ಜಗಲಿಯ ಮುಂದೆ ಬಂದು ನಿಂತ. ಪಿಳ್ಳಮ್ಮ ಅವನನ್ನು ಬೇಕಾದಷ್ಟು ಹೊತ್ತು ನಿಲ್ಲಿಸಿ, "ಆಟೋ ಕಳ್ಸು. ಇಬ್ರು ಬರ್ತೀವಿ," ಅಂದಳು.

ಬಲಗೈ ಇನ್ನೂ ಎದ್ದಿಲ್ಲ. ಕಾಂತರಾಜು ಹಿತ್ತಲಲ್ಲಿ ಕಲ್ಲು ಚಪ್ಪಡಿ ನಿಲ್ಲಿಸಿ ಒಗೆಯುವ ಕಲ್ಲಿನ ಎತ್ತರಕ್ಕೆ ಮಣ್ಣು ತುಂಬಿದ ಮಡಿ ಕಟ್ಟಿಕೊಟ್ಟಿದ್ದಾನೆ. ಕೇಂದ್ರಕ್ಕೂ ಆಕೆ ತಪ್ಪದೆ ಹೋಗುತ್ತಾಳೆ, ಹೊಸದಾಗಿ ಬಂದವರನ್ನು ಬೈಯುವವರು ಬೇಕಲ್ಲ. ಬೀಜ ಆರಿಸಲು ದ್ಯಾವಮ್ಮನ ಜೊತೆ ನನ್ನ ಅಂಗಡಿಗೂ ಬಂದಳು. ಮೂರು ಎತ್ತರದ ಮೆಟ್ಟಿಲು. ಆಕೆ ಬರುವಳೆಂದು ತಿಳಿದು ಮೊದಲೇ ಕಬ್ಬಿಣದ ಕಂಬಿ ಹಾಕಿಸಿದ್ದೆ. ಹತ್ತುವಾಗ ಬಲಕ್ಕೆ ಬರುವಂತೆ.

ಪಿಳ್ಳಮ್ಮ ಬೀದಿಯಲ್ಲಿ ನಿಂತು ಕಂಬಿಯನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು.

"ಶೆಟ್ರೇ, ನನ್ ಎಡಗೈಗೆ ಈ ಕಂಬಿ ಇಳಿಯುವಾಗ ಮಾತ್ರ ಸಿಕ್ಕುತ್ತೆ. ಗಿರಾಕೀನ ಆಚೆ ಕಳ್ಸೋಕೆ ಕಂಬಿ ಹಾಕ್ಸಿರೋ ಯಾಪಾರಸ್ಥನ್ನ ಇವತ್ತೇ ನೋಡಿದ್ದು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಪೊಟ್ಟಣಗಳನ್ನು ಹೊತ್ತು ನಾನೇ ಕೆಳಗಿಳಿದೆ. ಅವಳು ಬೀದಿಯಲ್ಲೇ ನಿಂತು, ಒಂದೊಂದಕ್ಕೂ ನನ್ನ ಮುಖ ನೋಡಿ, ಎರಡನ್ನು ಹಳೆಯದೆಂದು ವಾಪಸು ಕೊಟ್ಟಳು.

ಹತ್ತುವಾಗ ಎಡಕ್ಕೆ ಸಿಗುವ ಇನ್ನೊಂದು ಕಂಬಿ. ಪಿಳ್ಳಮ್ಮನಿಗೆ ನಾನು ಕೊಡಬೇಕಾಗಿರುವುದು ಅದು.